ಮಾಗಡಿ ಕೆರೆಗೆ ಹೋಗುವವರು ನಸುಕಿನಲ್ಲೇ ತಲುಪಬೇಕು

ಗದಗದಿಂದ ಸುಮಾರು 26 ಕಿ.ಮೀ. ದೂರದಲ್ಲಿರುವ, ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಜನವರಿಯಲ್ಲಿ ನಾವು ಎರಡು ಸಲ ಹೋಗಬೇಕಾಯಿತು. ಗದಗದಲ್ಲಿ ಗೊತ್ತುಮಾಡಿದ ಬಾಡಿಗೆ ಕಾರಿನವರು, ಹಕ್ಕಿಗಳು ಮಧ್ಯಾಹ್ನವೇ ಚೆನ್ನಾಗಿ ಕಾಣುತ್ತವೆ ಎಂದು ನಂಬಿಸಿ ಹನ್ನೆರಡಕ್ಕೆ ತಲುಪಿಸಿದರು. ಹೋಗಿಬರಲು 2,600 ರೂಪಾಯಿ, ಕಾದದ್ದಕ್ಕೆ ಬೇರೆ 400 ರೂಪಾಯಿ ತೆಗೆದುಕೊಂಡರು. ಬಿಸಿಲಿನಲ್ಲಿ ನಮಗೆ ಕಂಡದ್ದು ನೀರಿನ ನಡುವೆ ನಿದ್ದೆಹೋದ ಬೂದು ಗುಂಪು ಮಾತ್ರ.

ಪಟ್ಟೆತಲೆ ಹೆಬ್ಬಾತುಗಳ ದಿನಚರಿ ತಿಳಿದಿದ್ದರೆ ಮೋಸಹೋಗುತ್ತಿರಲಿಲ್ಲ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುವ, 7,000 ಮೀಟರಿಗೂ ಎತ್ತರದಲ್ಲಿ ಹಾರಿದ ದಾಖಲೆಯಿರುವ ಈ ಹಕ್ಕಿಗಳು, ಕತ್ತಲಾದ ಮೇಲೆ ಸುತ್ತಲಿನ ಹೊಲಗಳಲ್ಲಿ ಮೇಯ್ದು, ಬೆಳಗಾಗುವಾಗ ಕೆರೆಗೆ ಮರಳಿ ಹಗಲೆಲ್ಲ ವಿಶ್ರಮಿಸುತ್ತವೆ. ನೋಡಬೇಕಾದದ್ದು ಈ ಮರಳುವಿಕೆಯನ್ನೇ. ನವೆಂಬರಿನಿಂದ ಮಾರ್ಚ್‌ವರೆಗೆ ಅವು ಇಲ್ಲಿರುತ್ತವೆ.

ಎರಡನೆಯ ಸಲ ಲಕ್ಷ್ಮೇಶ್ವರದಲ್ಲಿ ಉಳಿದು, ನಸುಕಿನಲ್ಲಿ ಆಟೊ ಹಿಡಿದು ಹೋದೆವು. ಇನ್ನೂ ಮಬ್ಬಿರುವಾಗಲೇ ಹೊಲಗಳ ಮೇಲಿನಿಂದ ದನಿ ಕೇಳಿತು. ಆಮೇಲೆ ಸಾಲುಸಾಲಾಗಿ ಇಳಿದವು. ಅಲ್ಲಿ ಕಳೆದ ಎರಡು ಗಂಟೆ ನನ್ನ ಪಾಲಿಗೆ ಇಡೀ ಪ್ರವಾಸದ ಸಾರ್ಥಕತೆ.

ಆ ನೆಮ್ಮದಿಯನ್ನು ಕೆಡಿಸಿದವರೂ ನಮ್ಮಂತೆ ಬಂದವರೇ. ಎಂಟರ ಹೊತ್ತಿಗೆ ಒಂದು ತಂಡ ಡ್ರೋನ್ ಹಾರಿಸಿತು. ಅರ್ಧ ಕೆರೆ ಒಮ್ಮೆಲೇ ಮೇಲೆದ್ದಿತು. ಮಾರ್ಚ್‌ನ ಮರುಪಯಣಕ್ಕೆ ಮೈಯಲ್ಲಿ ಕೊಬ್ಬು ಕೂಡಿಸಿಕೊಳ್ಳಬೇಕಾದ ಹಕ್ಕಿಗೆ ಹೀಗೆ ಪದೇಪದೇ ಹಾರಬೇಕಾಗುವುದು ದೊಡ್ಡ ನಷ್ಟ. ಮಳೆನೀರು ಹಿಡಿದು ಹೊಲಗಳಿಗೆ ಹಾಯಿಸಲು ಕಟ್ಟಿದ, ಸುಮಾರು 50 ಹೆಕ್ಟೇರಿನ ಈ ಕೆರೆ 2024ರಲ್ಲಿ ರಾಜ್ಯದ ಅಂಕಸಮುದ್ರ ಪಕ್ಷಿಧಾಮ ಮತ್ತು ಅಘನಾಶಿನಿ ಅಳಿವೆಯ ಜೊತೆಗೆ, ಜಗತ್ತಿನ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ಆದರೆ ಹಕ್ಕಿಗಳಿಗೆ ರಾತ್ರಿಯ ಮೇವು ಕೊಡುವ ಹೊಲಗಳು ಪಟ್ಟಿಗೆ ಸೇರಿದ ಜಾಗದ ಗಡಿಯ ಆಚೆಗಿವೆ. ಬೆಳೆಗೆ ಹೊಡೆಯುವ ಔಷಧಿ ಹಕ್ಕಿಯ ಹೊಟ್ಟೆಗೂ, ಮಳೆಯಲ್ಲಿ ತೊಳೆದುಹೋಗಿ ಕೆರೆಗೂ ಸೇರಬಹುದು. ಎಳೆಯ ಪೈರನ್ನು ಹಕ್ಕಿಗಳಿಗೆ ಬಿಟ್ಟುಕೊಡುವ ರೈತನ ಹೊಲವನ್ನು ಫೋಟೊಕ್ಕಾಗಿ ತುಳಿಯುವುದಂತೂ ಅನ್ಯಾಯ.

ಊಟದ ಬಗ್ಗೆ ಹೇಳಲೇಬೇಕು. ಲಕ್ಷ್ಮೇಶ್ವರದ ಬಸ್ ನಿಲ್ದಾಣದ ಬಳಿ, ಆರೇ ಬೆಂಚುಗಳ ಖಾನಾವಳಿಯೊಂದರಲ್ಲಿ 80 ರೂಪಾಯಿಗೆ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಮಡಿಕೆಕಾಳಿನ ಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು ಬಡಿಸಿದರು. ಬಡಿಸಿದ ತಾಯಿ ಬೇಡವೆಂದರೂ ಮೂರನೆಯ ರೊಟ್ಟಿಯನ್ನು ಹಾಕಿ, ಗದಗ–ಲಕ್ಷ್ಮೇಶ್ವರ ಬಸ್ಸು ಮಾಗಡಿಯ ಮೇಲೆಯೇ ಹೋಗುತ್ತದೆ, ಕಾರು ಏಕೆ ಮಾಡಿದಿರಿ ಎಂದು ಕೇಳಿದರು. ಮರಳುವಾಗ ಆ ಬಸ್ಸಿನಲ್ಲೇ ಗದಗಕ್ಕೆ ಬಂದೆವು.

ದುರ್ಬೀನು ಒಯ್ಯಿರಿ, ಮಾಸಿದ ಬಣ್ಣದ ಬಟ್ಟೆ ತೊಡಿರಿ, ಏರಿಯ ಮೇಲೆ ಒಂದೇ ಕಡೆ ಕುಳಿತುಕೊಳ್ಳಿ. ಒಂದು ಹಕ್ಕಿ ಕತ್ತೆತ್ತಿ ನೋಡತೊಡಗಿದರೆ ಅಲುಗಾಡದೆ ಇರಿ. ನಾಲ್ಕಾರು ಕತ್ತುಗಳು ಒಟ್ಟಿಗೆ ಎದ್ದರೆ ಹತ್ತು ಹೆಜ್ಜೆ ಹಿಂದೆ ಸರಿಯಿರಿ.