ನಾಲ್ಕು ಟ್ರೊಂಬೋನಿಗೆ ಆರಿಯಾ ಬರೆಯುವಾಗ ಮೊದಲು ಸ್ಲೈಡ್ ನೋಡಿ

ಸ್ಲೈಡ್ ಎಂಬ ಜಾರುಕೊಳವೆ ಎಳೆದು ಊದುವ ಟ್ರೊಂಬೋನ್ ಬಳ್ಳಾರಿಯ ಮದುವೆ ಬ್ಯಾಂಡಿನಲ್ಲಿ ಅಂದರೆ ಮೆರವಣಿಗೆಯ ಗಟ್ಟಿ ಸದ್ದು. ಅದೇ ವಾದ್ಯ ನಾಲ್ಕು ಸೇರಿದರೆ ಆಪೆರಾದ (ಹಾಡುನಾಟಕದ) ಆರಿಯಾವನ್ನು, ಅಂದರೆ ಒಬ್ಬರೇ ಹಾಡುವ ಹಾಡನ್ನು, ಹಾಡಿದಷ್ಟೇ ಮೆತ್ತಗೆ ನುಡಿಸಬಹುದು. ಮೂಲದ ಶ್ರುತಿಯನ್ನೇ ಹಿಡಿದು ಕೂತರೆ ಮಾತ್ರ ಕೆಲಸ ಕೆಡುತ್ತದೆ.

ಇಟಲಿಯ ಸಂಗೀತಕಾರ ಡೊನಿಜೆಟ್ಟಿಯ 'ಲೆಲಿಸಿರ್ ದಾಮೋರೆ' (1832) ಆಪೆರಾದ 'ಊನಾ ಫುರ್ತೀವಾ ಲಾಗ್ರಿಮಾ' ತಗೊಳ್ಳಿ. 6/8 ತಾಳ, ಬಿ ಫ್ಲ್ಯಾಟ್ ಮೈನರ್ (ಮಂಕು ಛಾಯೆಯ ಸ್ವರಶ್ರೇಣಿ). ಕೊನೆಗೆ ಮೇಜರಿಗೆ ಹೊರಳುತ್ತದೆ. ಗಾಯಕ ಮೇಲಿನ 'ಎ' ಮುಟ್ಟುತ್ತಾನೆ. ಸೀಸನ್ನಿನಲ್ಲಿ ದಿನಕ್ಕೆರಡು ಮೆರವಣಿಗೆ ಊದಿದ ತುಟಿಗೆ ಅದು ಭಾರ. ಮೂರು ಸೆಮಿಟೋನ್ (ಅರ್ಧ ಸ್ವರ) ಇಳಿಸಿ ಜಿ ಮೈನರಿಗೆ ತಂದರೆ ತುದಿ ಎಫ್ ಶಾರ್ಪಿಗೆ ನಿಲ್ಲುತ್ತದೆ.

ಕೆಳಗೂ ಲಾಭವಿದೆ. ಟ್ರಿಗರ್ (ಕೊಳವೆಯನ್ನು ಉದ್ದ ಮಾಡುವ ಹೆಬ್ಬೆರಳ ಕೀಲಿ) ಇಲ್ಲದ ಟೆನರ್ ಟ್ರೊಂಬೋನ್ ಮಾಮೂಲಿಯಾಗಿ ಕೆಳಗಿನ 'ಇ'ವರೆಗೆ ಮಾತ್ರ ಇಳಿಯುತ್ತದೆ. ಅದರ ಕೆಳಗಿನ 'ಡಿ' ಬರೆದರೆ ನುಡಿಸಲಾಗದು. ಹಾಗಾಗಿ ನಾಲ್ಕನೆಯವರಿಗೆ ಜಿ ಮತ್ತು ಅದರ ಮೇಲಿನ ಡಿ ಕೊಡಿ. ಎರಡೂ ನಾಲ್ಕನೇ ಪೊಸಿಷನ್ (ಸ್ಲೈಡ್ ಎಳೆದು ನಿಲ್ಲಿಸುವ ಜಾಗ; ಒಂದನೆಯದೆಂದರೆ ಪೂರ್ತಿ ಒಳಗೆ), ಕೈ ಅಲುಗಬೇಕಿಲ್ಲ. ತೀರಾ ಕೆಳಗೆ ತರ್ಡ್ (ಮೂರನೇ ಸ್ವರದ ಅಂತರ) ಬರೆಯಬೇಡಿ, ರಾಡಿಯಾಗುತ್ತದೆ. ಅಲ್ಲಿ ಫಿಫ್ತ್ (ಐದನೇ ಸ್ವರದ ಅಂತರ) ಅಥವಾ ಆಕ್ಟೇವ್ (ಮೇಲಿನ ಅದೇ ಸ್ವರ) ಸಾಕು.

ಮೂಲದಲ್ಲಿ ಬಸ್ಸೂನ್ (ಮರದ ಊದುವಾದ್ಯ) ನುಡಿಸುವ ಪೀಠಿಕೆ ಎರಡನೆಯವರಿಗೆ ಹೋಗಲಿ, ಮೊದಲನೆಯವರ ತುಟಿ ತಾಜಾ ಉಳಿಯುತ್ತದೆ. ಮೂಲದಲ್ಲಿ ತಂತಿವಾದ್ಯಗಳು ಬಿಡಿಸಿ ಮೀಟುವ ಸ್ವರಗಳನ್ನು ಹಾಗೇ ಇಳಿಸಿದರೆ ಸ್ಲೈಡ್ ಎಳೆದಾಡಿ ಸ್ವರಗಳು ಅಂಟಿಕೊಳ್ಳುತ್ತವೆ. ಒಂದು ಮತ್ತು ನಾಲ್ಕನೇ ಎಣಿಕೆಗೆ ಬಾಸ್, ನಡುವಿನ ಎಣಿಕೆಗಳಿಗೆ ಮೂರನೆಯವರ ಗಿಡ್ಡ ಸ್ವರ. ಮೆರವಣಿಗೆಯ 'ತಾ' ನಾಲಿಗೆ ಇಲ್ಲಿ ಬೇಡ. ಹಾಡಿಗೆ 'ಲು', ಜೊತೆ ಸ್ವರಕ್ಕೆ 'ದು'. ಉಸಿರಿನ ಗುರುತನ್ನು ನಾಲ್ವರಿಗೂ ಒಂದೇ ಕಡೆ ಹಾಕಿದರೆ ಹಾಡಿನಲ್ಲಿ ತೂತು ಬೀಳುತ್ತದೆ.

ಕೊನೆಯ ಕೆಡೆನ್ಜಾ (ತಾಳ ಬಿಟ್ಟು ಒಬ್ಬರೇ ಹಾಡುವ ಭಾಗ) ಬರುವಾಗ ನಾಟಕದ ಕಂದಪದ್ಯ ನೆನೆಯಿರಿ: ಹಾಡುವವರು ತಾಳ ಬಿಟ್ಟು ಎಳೆಯುತ್ತಿದ್ದರೆ ಹಾರ್ಮೋನಿಯಂ ಕಾಯುತ್ತದೆ. ಉಳಿದ ಮೂವರು ಹಾಗೇ ಕಾದು, ಮೊದಲನೆಯವರು ಉಸಿರೆಳೆದುಕೊಳ್ಳುವುದನ್ನು ನೋಡಿಯೇ ಸೇರಬೇಕು.

ಎಲ್ಲಕ್ಕಿಂತ ಹೆಚ್ಚು ಎಡವುವುದು ತರ್ಡಿನಲ್ಲಿ. ಕೀಬೋರ್ಡ್ ಇಟ್ಟು ಅಭ್ಯಾಸ ಮಾಡಿದರೆ ಕಿವಿ ಅದರ ತರ್ಡಿಗೇ ಒಗ್ಗುತ್ತದೆ. ಶುದ್ಧ ಮೈನರ್ ತರ್ಡ್ ಅದಕ್ಕಿಂತ ಸುಮಾರು 16 ಸೆಂಟ್ (ಸೆಂಟ್ ಅಂದರೆ ಸೆಮಿಟೋನಿನ ನೂರನೇ ಒಂದು ಭಾಗ) ಮೇಲಿದೆ. ಜಿ ಮೈನರಿನಲ್ಲಿ ಆ ಸ್ವರ ಬಿ ಫ್ಲ್ಯಾಟ್. ಒಂದನೇ ಪೊಸಿಷನ್ನಿನಲ್ಲಿ ಹಿಡಿದರೆ ಸ್ಲೈಡ್ ಇನ್ನು ಒಳಗೆ ಹೋಗದು, ಮೇಲೇರಿಸಲು ದಾರಿಯಿಲ್ಲ. ಹಾಡಿನ ನಡುಮಟ್ಟದ ಬಿ ಫ್ಲ್ಯಾಟನ್ನು ಐದನೇ ಪೊಸಿಷನ್ನಿನಲ್ಲಿ ಹಿಡಿದು ನಾಲ್ಕರ ಕಡೆಗೆ ಸುಮಾರು 3 ಸೆಂ.ಮೀ. ಎಳೆದರೆ ಸರಿಯಾಗಿ ಕೂರುತ್ತದೆ.

ಬಿಸಿಲೇರಿದಂತೆ ಶ್ರುತಿಯೂ ಏರುತ್ತದೆ. ಬಳ್ಳಾರಿಯ ಏಪ್ರಿಲಿನಲ್ಲಿ ಹತ್ತು ನಿಮಿಷ ಊದಿ ಕಾಯಿಸಿದ ಮೇಲೆಯೇ ಟ್ಯೂನಿಂಗ್ ಸ್ಲೈಡ್ (ಶ್ರುತಿ ಹೊಂದಿಸುವ ಕೊಳವೆ) ಮುಟ್ಟಿ. ಕೈ ಸ್ಲೈಡಿಗೆ ನೀರು ಸಿಂಪಡಿಸುವ ಬಾಟಲಿ ಪಕ್ಕದಲ್ಲಿರಲಿ.

ಮುಗಿಯುವ ಜಿ ಮೇಜರ್ ಕಾರ್ಡಿಗೆ ಕೆಳಗಿನಿಂದ ಜಿ, ಡಿ, ಜಿ, ಬಿ ಬರೆಯಿರಿ. ನಾಲ್ಕೂ ನಾಲ್ಕನೇ ಪೊಸಿಷನ್ನಿನಲ್ಲೇ ಸಿಗುತ್ತವೆ: ಒಂದೇ ಕೊಳವೆಯ ಎರಡು, ಮೂರು, ನಾಲ್ಕು, ಐದನೇ ಹಾರ್ಮೋನಿಕ್ (ಸ್ಲೈಡ್ ಅಲುಗದೆ ತುಟಿಯಿಂದಲೇ ಏರುವ ಸ್ವರಗಳು). ಐದನೆಯದು ತಾನಾಗಿಯೇ ಶುದ್ಧ ತರ್ಡ್. ಅದನ್ನು ಊದುವವರು ಟ್ಯೂನರ್ (ಶ್ರುತಿ ಅಳೆಯುವ ಯಂತ್ರ) ನೋಡಿ ಮೇಲೇರಿಸಬಾರದು. ಸೂಜಿ ಸುಮಾರು 14 ಸೆಂಟ್ ಕೆಳಗೆ ತೋರಿಸಿದರೂ ಹಾಗೇ ಹಿಡಿದಿರಲಿ, ಸ್ವರಗಳು ತಿಕ್ಕಾಡಿ ಕೇಳಿಸುವ ಅಲೆ ನಿಲ್ಲುವವರೆಗೆ.