ಕೆಲಸ ಬಿಡಲು ಎಷ್ಟು ಕೋಟಿ ಬೇಕು?

ಐವತ್ತು ತುಂಬಿದ ವರ್ಷ, ಅಂದರೆ 2023ರ ಏಪ್ರಿಲ್‌ನಲ್ಲಿ, ನಾನು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರ ಕೆಲಸ ಬಿಟ್ಟು ಮೈಸೂರಿನಲ್ಲಿರುವ ಅಪ್ಪನ ಕಾಲದ ಮನೆಗೆ ಸಂಸಾರ ಸಮೇತ ಬಂದು ನೆಲೆಸಿದೆ. ಅಂದಿನಿಂದ ಮದುವೆ ಮನೆಯಲ್ಲಾಗಲಿ, ಹಳೆಯ ಸಹೋದ್ಯೋಗಿಗಳ ಫೋನಿನಲ್ಲಾಗಲಿ ನನಗೆ ಎದುರಾಗುವ ಪ್ರಶ್ನೆ ಒಂದೇ: ‘ವಯಸ್ಸಾದ ತಾಯಿ, ಹೆಂಡತಿ, ಓದುವ ಇಬ್ಬರು ಮಕ್ಕಳು ಇರುವಾಗ ಕೆಲಸ ಬಿಡಲು ಎಷ್ಟು ಕೋಟಿ ಬೇಕಾಯಿತು?’ ಕೇಳುವವರಲ್ಲಿ ಹೆಚ್ಚಿನವರು ಒಂದು ಅಂಕಿಯನ್ನು ನಿರೀಕ್ಷಿಸುತ್ತಾರೆ. ಅಂಕಿಯನ್ನು ನಾನು ಮುಚ್ಚಿಡುವುದಿಲ್ಲ, ಮುಂದೆ ಹೇಳುತ್ತೇನೆ. ಆದರೆ ಸಂಸಾರಸ್ಥನಾದವನು ಕೋಟಿಗಳನ್ನು ಎಣಿಸುವ ಮುನ್ನ ಮನೆಯಲ್ಲಿರುವ ತಲೆಗಳನ್ನೂ, ಒಬ್ಬೊಬ್ಬರ ಖರ್ಚು ಯಾವ ವರ್ಷದವರೆಗೆ ನಡೆಯುತ್ತದೆ ಎಂಬುದನ್ನೂ ಎಣಿಸಬೇಕು ಎಂಬುದೇ ನನ್ನ ನಿಜವಾದ ಉತ್ತರ.

ಕೆಲಸ ಬಿಡುವ ಎರಡು ವರ್ಷ ಮೊದಲಿನಿಂದ ನಾನೂ ನನ್ನ ಹೆಂಡತಿಯೂ ಒಂದು ಉದ್ದನೆಯ ಲೆಕ್ಕದ ಪುಸ್ತಕದಲ್ಲಿ ಪ್ರತಿ ರಾತ್ರಿ ಖರ್ಚು ಬರೆದೆವು. ಹಾಲು, ತರಕಾರಿ, ವಿದ್ಯುತ್ ಬಿಲ್ಲು ಎಲ್ಲರಿಗೂ ನೆನಪಿರುತ್ತವೆ. ನೆನಪಿರದೆ ಕೈ ಕಚ್ಚುವುದು ವರ್ಷಕ್ಕೊಮ್ಮೆ ಬರುವ ಬಾಬತ್ತುಗಳು: ಮನೆ ಕಂದಾಯ, ಕಾರಿನ ವಿಮೆ, ಗೌರಿ ಹಬ್ಬಕ್ಕೆ ತಂಗಿಗೆ ಕೊಡುವ ಬಾಗಿನ, ಮದುವೆ ಮುಂಜಿಗಳ ಮುಯ್ಯಿ, ಕೆಟ್ಟು ನಿಂತ ನೀರಿನ ಮೋಟಾರು. ಇಪ್ಪತ್ನಾಲ್ಕು ತಿಂಗಳ ಲೆಕ್ಕವನ್ನು ಕೂಡಿ ಸರಾಸರಿ ತೆಗೆದಾಗ ತಿಂಗಳಿಗೆ 78,000 ರೂಪಾಯಿ ಬಂತು. ಅದರಲ್ಲಿ 37,000 ಮನೆಯ ನಿತ್ಯದ ಖರ್ಚು, 24,000 ಮಕ್ಕಳದು, 9,000 ಅಮ್ಮನ ಔಷಧಿ ಮತ್ತು ಅವರನ್ನು ನೋಡಿಕೊಳ್ಳಲು ಬರುವ ಹೆಂಗಸಿನ ಸಂಬಳ, ಉಳಿದ 8,000 ಮೇಲೆ ಹೇಳಿದ ವರ್ಷದ ಬಾಬತ್ತುಗಳ ತಿಂಗಳ ಪಾಲು.

ಈ ನಾಲ್ಕು ಸಾಲುಗಳು ಒಂದೇ ಜಾತಿಯವಲ್ಲ. ಮಕ್ಕಳ ಖರ್ಚಿಗೆ ಕೊನೆಯೆಂಬುದಿದೆ. ಮಗನ ಪದವಿ ಮುಗಿಯುವ ಹೊತ್ತಿಗೆ, ಸುಮಾರು 2031ಕ್ಕೆ, ಅದು ನಿಲ್ಲಬೇಕು. ಮನೆಯ ಖರ್ಚು ನಾವಿಬ್ಬರು ಇರುವವರೆಗೂ ನಡೆಯುತ್ತದೆ. ಅಮ್ಮನ ಸಾಲಿನ ಮುಂದೆ ಒಂದು ವರ್ಷವನ್ನು ಬರೆಯಲು ನನಗೆ ಕೈ ಬರಲಿಲ್ಲ. ಹೇಗಿದ್ದರೂ ಒಂದು ದಿನ ಅದು ನಮ್ಮದೇ ಔಷಧಿಯ ಸಾಲಾಗುತ್ತದೆ ಎಂದುಕೊಂಡು ಅದನ್ನೂ ಕೊನೆಯಿಲ್ಲದ ಖರ್ಚಿಗೆ ಸೇರಿಸಿದೆ. ಹೀಗೆ ಮಕ್ಕಳದನ್ನು ಬೇರೆ ಇಟ್ಟರೆ, ನಿಲ್ಲದ ಖರ್ಚು ತಿಂಗಳಿಗೆ 54,000, ವರ್ಷಕ್ಕೆ 6 ಲಕ್ಷ 48 ಸಾವಿರ.

ಇಲ್ಲಿ ಬಹಳ ಜನ ಒಂದು ಸುಲಭದ ಲೆಕ್ಕ ಹಾಕುತ್ತಾರೆ. ಒಂದು ಕೋಟಿಯನ್ನು ಶೇ. 7ರ ಬಡ್ಡಿಗೆ ಬ್ಯಾಂಕಿನಲ್ಲಿ ಠೇವಣಿ ಇಟ್ಟರೆ ತಿಂಗಳಿಗೆ 58,000 ಬರುತ್ತದೆ, ಅಷ್ಟು ಸಾಕಲ್ಲ ಎನ್ನುತ್ತಾರೆ. ಮೊದಲ ವರ್ಷಕ್ಕೆ ಖಂಡಿತ ಸಾಕು. ಆದರೆ ಬೆಲೆಗಳು ವರ್ಷಕ್ಕೆ ಶೇ. 6ರಂತೆ ಏರಿದರೆ ಹನ್ನೆರಡು ವರ್ಷಕ್ಕೊಮ್ಮೆ ಖರ್ಚು ಇಮ್ಮಡಿಯಾಗುತ್ತದೆ. ನನ್ನ ಐವತ್ತನೆಯ ವಯಸ್ಸಿನ 54,000 ಅರವತ್ತೆರಡಕ್ಕೆ 1,08,000, ಎಪ್ಪತ್ತನಾಲ್ಕಕ್ಕೆ 2,16,000. ಬಡ್ಡಿ ಮಾತ್ರ ಅದೇ 58,000ದಲ್ಲಿ ನಿಂತಿರುತ್ತದೆ. ಸರ್ಕಾರಿ ನೌಕರರ ಪಿಂಚಣಿಗೆ ತುಟ್ಟಿಭತ್ಯೆ ಸೇರುತ್ತ ಹೋಗುತ್ತದೆ. ಖಾಸಗಿ ಕೆಲಸ ಮಾಡಿದವರು ತಮ್ಮ ತುಟ್ಟಿಭತ್ಯೆಯನ್ನು ತಾವೇ ದುಡಿದಿಟ್ಟಿರಬೇಕು. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನೂ ಸಾಲದು ಎಂದು ನಮ್ಮ ಹಿರಿಯರು ಹೇಳುತ್ತಿದ್ದುದರ ಹಿಂದೆ ಇರುವುದು ಇದೇ ಗಣಿತ.

ಅಮೆರಿಕದ ಹಣಕಾಸು ಸಲಹೆಗಾರ ವಿಲಿಯಂ ಬೆಂಗೆನ್ ಅವರು 1994ರಲ್ಲಿ ಮಂಡಿಸಿದ ಒಂದು ಲೆಕ್ಕ ಇಂದು ಎಲ್ಲರ ಬಾಯಲ್ಲಿದೆ. ಮೊದಲ ವರ್ಷ ಇಡುಗಂಟಿನ ಶೇ. 4ರಷ್ಟನ್ನು ತೆಗೆದು, ಆಮೇಲೆ ಪ್ರತಿ ವರ್ಷ ಬೆಲೆಯೇರಿಕೆಗೆ ತಕ್ಕಂತೆ ಅದನ್ನು ಹೆಚ್ಚಿಸಿಕೊಳ್ಳುತ್ತ ಹೋದರೂ ಹಣ ಮೂವತ್ತು ವರ್ಷ ಬಾಳುತ್ತದೆ ಎಂಬುದು ಅದರ ಸಾರ. ಆ ಪ್ರಕಾರ ನನಗೆ ವರ್ಷದ ಖರ್ಚಿನ 25 ಪಟ್ಟು, ಎಂದರೆ 1 ಕೋಟಿ 62 ಲಕ್ಷ ಸಾಕಿತ್ತು. ಆದರೆ ಅವರು ಲೆಕ್ಕ ಹಾಕಿದ್ದು ಅಮೆರಿಕದ ಷೇರು ಮತ್ತು ಬಾಂಡುಗಳ ಮೇಲೆ, ಅಲ್ಲಿನ ಬೆಲೆಯೇರಿಕೆಯ ಮೇಲೆ, ಮೂವತ್ತು ವರ್ಷದ ನಿವೃತ್ತಿಗೆ. ಐವತ್ತಕ್ಕೆ ಬಿಡುವವನು ನಲವತ್ತು ವರ್ಷಕ್ಕೆ ಸಿದ್ಧನಾಗಿರಬೇಕು. ಆದ್ದರಿಂದ ನಾನು ಶೇ. 3ನ್ನು ಹಿಡಿದೆ, ಆಗ ಬೇಕಾದದ್ದು 2 ಕೋಟಿ 16 ಲಕ್ಷ. ಅದರ ಮೇಲೆ ಮಕ್ಕಳ ಓದಿಗೆ 40 ಲಕ್ಷ ಮತ್ತು ಅಮ್ಮನ ಆಸ್ಪತ್ರೆಯ ಖರ್ಚಿಗೆಂದು 6 ಲಕ್ಷ ಸೇರಿ ಒಟ್ಟು 2 ಕೋಟಿ 62 ಲಕ್ಷ. ವಾಸದ ಮನೆಯನ್ನು ಇದರಲ್ಲಿ ಸೇರಿಸಿಲ್ಲ. ನಮ್ಮಲ್ಲಿ ಅನೇಕರು ಎರಡು ಸೈಟುಗಳ ಬೆಲೆಯನ್ನು ಕೂಡಿಸಿ ಕೋಟಿಗಳನ್ನು ತೋರಿಸುತ್ತಾರೆ. ಆದರೆ ಜೂನ್ ತಿಂಗಳ ಶುಲ್ಕಕ್ಕೆ ಸೈಟಿನ ಒಂದು ಮೂಲೆಯನ್ನು ಕತ್ತರಿಸಿ ಮಾರಲು ಬರುವುದಿಲ್ಲ.

ಇದು ನನ್ನ ಮನೆಯ ಅಂಕಿ. ಬಾಡಿಗೆ ಮನೆಯಲ್ಲಿರುವವರಿಗೆ, ಮನೆ ಸಾಲ ತೀರದವರಿಗೆ ಇದು ಅನ್ವಯಿಸುವುದಿಲ್ಲ. ಕೊನೆಯ ಮಗುವಿಗೆ ಹತ್ತು ವರ್ಷವೂ ತುಂಬದಿದ್ದರೆ, ಅಥವಾ ಸಾಲದ ಕಂತು ಇನ್ನೂ ಹೋಗುತ್ತಿದ್ದರೆ, ಬಿಡಬೇಡಿ ಎಂದೇ ನಾನು ನೇರವಾಗಿ ಹೇಳುತ್ತೇನೆ. ಅದರಿಂದ ಕೆಲವರಿಗೆ ಬೇಸರವಾಗಿದೆ ಎಂಬುದೂ ನನಗೆ ಗೊತ್ತಿದೆ.

ಮೊತ್ತದಷ್ಟೇ ಮುಖ್ಯವಾದದ್ದು ಆ ಮೊತ್ತವನ್ನು ಎಲ್ಲೆಲ್ಲಿ ಇಡಬೇಕೆಂಬುದು. ಬೇಗ ನಿವೃತ್ತರಾಗುವವರಿಗೆ ಇರುವ ದೊಡ್ಡ ತೊಡಕೆಂದರೆ, ನಮ್ಮ ದೇಶದ ನಿವೃತ್ತಿ ಯೋಜನೆಗಳಲ್ಲಿ ಹೆಚ್ಚಿನವು 58 ಅಥವಾ 60ನೆಯ ವಯಸ್ಸಿಗೆ ಕಟ್ಟುಬಿದ್ದಿವೆ. ನೌಕರರ ಪಿಂಚಣಿ ಯೋಜನೆಯ ಪೂರ್ಣ ಪಿಂಚಣಿ 58ಕ್ಕೆ. 50ರ ನಂತರ ಮೊದಲೇ ಪಡೆದರೆ ಪ್ರತಿ ವರ್ಷಕ್ಕೆ ಶೇ. 4ರಂತೆ ಕಡಿತ. ಪೂರ್ಣವಾಗಿ ಸಿಕ್ಕರೂ ಲೆಕ್ಕಕ್ಕೆ ಹಿಡಿಯುವ 15,000ದ ವೇತನ ಮಿತಿಯಲ್ಲಿ 25 ವರ್ಷ ದುಡಿದವನಿಗೆ ಸೂತ್ರದ ಪ್ರಕಾರ ತಿಂಗಳಿಗೆ ಬರುವುದು ಸುಮಾರು 5,800 ರೂಪಾಯಿ. ಹೀಗಾಗಿ ಐವತ್ತರಿಂದ ಅರವತ್ತರವರೆಗಿನ ಹತ್ತು ವರ್ಷಗಳನ್ನು ದಾಟಿಸುವ ಹೊಣೆ ಪೂರ್ತಿಯಾಗಿ ಕೈಯಲ್ಲಿರುವ ಹಣದ ಮೇಲೆ ಬೀಳುತ್ತದೆ, ಮತ್ತು ಮಕ್ಕಳ ಓದಿನ ಅತಿ ದುಬಾರಿ ವರ್ಷಗಳೂ ಇದೇ ಹತ್ತರೊಳಗೆ ಬರುತ್ತವೆ.

ಷೇರು ಮಾರುಕಟ್ಟೆಯ ಮೇಲೆಯೇ ಎಲ್ಲವನ್ನೂ ಹೂಡಿದವನಿಗೆ ಈ ವರ್ಷಗಳು ಎಷ್ಟು ಅಪಾಯದವು ಎಂಬುದಕ್ಕೆ 2008ನ್ನು ನೆನಪಿಸಿಕೊಂಡರೆ ಸಾಕು. ಆ ಜನವರಿಯಲ್ಲಿ 21,000 ಮುಟ್ಟಿದ್ದ ಮುಂಬೈ ಷೇರುಪೇಟೆಯ ಸೂಚ್ಯಂಕ ಸೆನ್ಸೆಕ್ಸ್ 2009ರ ಮಾರ್ಚ್ ಹೊತ್ತಿಗೆ 8,000ದ ಆಸುಪಾಸಿಗೆ ಕುಸಿದು, ಮತ್ತೆ 21,000 ಕಂಡದ್ದು 2010ರ ನವೆಂಬರ್‌ನಲ್ಲಿ. ಸಂಬಳ ಬರುತ್ತಿದ್ದ ನಮಗೆ ಆಗ ಅದು ಅಗ್ಗದಲ್ಲಿ ಕೊಳ್ಳುವ ಕಾಲವಾಗಿತ್ತು. ಅದೇ 2008ರ ಜನವರಿಯಲ್ಲಿ ಯಾರಾದರೂ ಕೆಲಸ ಬಿಟ್ಟಿದ್ದರೆ, ಅವರು ಮನೆಯ ಅಕ್ಕಿಬೇಳೆಗಾಗಿ, ಮಕ್ಕಳ ಶುಲ್ಕಕ್ಕಾಗಿ, ತಿಂಗಳು ತಿಂಗಳೂ ಬಿದ್ದ ಬೆಲೆಗೆ ಮಾರಬೇಕಾಗುತ್ತಿತ್ತು. ಮಾರುಕಟ್ಟೆ ಮೇಲೆದ್ದಾಗ ಅದರ ಜೊತೆ ಮೇಲೇಳಲು ಅವರ ಬಳಿ ಮೊದಲಿನಷ್ಟು ಷೇರುಗಳು ಉಳಿದಿರುತ್ತಿರಲಿಲ್ಲ. ಆ ಸುಮಾರು ಮೂರು ವರ್ಷಗಳ ಕಾಯುವಿಕೆಗೆ ಇನ್ನೆರಡು ವರ್ಷ ಸೇರಿಸಿ, ಐದು ವರ್ಷಗಳ ಖರ್ಚು, ಸುಮಾರು 32 ಲಕ್ಷ, ಷೇರಿನಿಂದ ಹೊರಗೆ ಸುರಕ್ಷಿತವಾಗಿರಬೇಕೆಂದು ನಾನು ನಿರ್ಧರಿಸಿದೆ. ಅದರಲ್ಲಿ ಬ್ಯಾಂಕಿನಲ್ಲಿರುವ ಭಾಗವನ್ನು ಒಂದೇ ಕಡೆ ಇಡಲಿಲ್ಲ, ಏಕೆಂದರೆ ಬ್ಯಾಂಕು ಮುಳುಗಿದರೆ ಹಣ ಕೊಡುವ ಠೇವಣಿ ವಿಮೆ ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ 5 ಲಕ್ಷದವರೆಗೆ ಮಾತ್ರ.

ಮಕ್ಕಳ 40 ಲಕ್ಷವನ್ನು ಪ್ರತಿ ಜೂನ್‌ನಲ್ಲಿ ಒಂದೊಂದು ಮೊತ್ತ ಕೈಗೆ ಬರುವಂತೆ ಬೇರೆ ಬೇರೆ ಅವಧಿಯ ಠೇವಣಿಗಳಾಗಿ ಮಾಡಿದೆ. ಇದರಲ್ಲಿ ಮಗಳ ಸುಕನ್ಯಾ ಸಮೃದ್ಧಿ ಖಾತೆಯ ಹಣವೂ ಸೇರಿದೆ. 2015ರಲ್ಲಿ ಆ ಯೋಜನೆ ಬಂದಾಗ ಅವಳಿಗೆ ಒಂಬತ್ತು ವರ್ಷ. ಹದಿನೆಂಟು ತುಂಬಿದ ಮೇಲೆ ಓದಿಗಾಗಿ ಖಾತೆಯಲ್ಲಿರುವುದರ ಅರ್ಧದವರೆಗೆ ತೆಗೆಯಬಹುದೆಂಬ ನಿಯಮ ನಮಗೆ ಎಂಜಿನಿಯರಿಂಗ್ ಶುಲ್ಕದ ಹೊತ್ತಿಗೆ ಸರಿಯಾಗಿ ಒದಗಿತು. ಭವಿಷ್ಯ ನಿಧಿಯನ್ನು ತೆಗೆಯದೆ ಬಿಟ್ಟಿದ್ದೇನೆ. ಕೆಲಸ ಬಿಟ್ಟ ಮೇಲೂ ಅದಕ್ಕೆ ಬಡ್ಡಿ ಸೇರುತ್ತದೆ, ಆದರೆ ಹಾಗೆ ಸೇರುವ ಬಡ್ಡಿಗೆ ತೆರಿಗೆ ಉಂಟು. ಬೆಂಗಳೂರಿನ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿ 2017ರಲ್ಲೇ ಹಾಗೆಂದು ತೀರ್ಪು ಕೊಟ್ಟಿದೆ. ಇದನ್ನು ತಿಳಿಯದೆ ರಿಟರ್ನ್ಸ್‌ನಲ್ಲಿ ಬಿಟ್ಟುಬಿಡುವವರು ಬಹಳ. ಸಾರ್ವಜನಿಕ ಭವಿಷ್ಯ ನಿಧಿ (ಪಿಪಿಎಫ್) ಖಾತೆ ಹದಿನೈದು ವರ್ಷ ಮುಗಿದ ಮೇಲೆ ಐದೈದು ವರ್ಷಗಳಂತೆ ಮುಂದುವರಿಯುತ್ತಿದೆ. ಉಳಿದದ್ದೆಲ್ಲ, ಸುಮಾರು ಅರ್ಧದಷ್ಟು, ಷೇರು ಸೂಚ್ಯಂಕವನ್ನೇ ಹಿಂಬಾಲಿಸುವ ಇಂಡೆಕ್ಸ್ ಫಂಡುಗಳಲ್ಲಿದೆ. ನಮ್ಮ ಎಪ್ಪತ್ತರ ನಂತರದ ಅನ್ನ ಅದು.

ಇನ್ನು ಅಮ್ಮನ ವಿಷಯ. ನಾನು ಕೆಲಸ ಬಿಡುವುದಾಗಿ ಹೇಳಿದ ದಿನ ಅಮ್ಮ ಊಟದ ತಟ್ಟೆಯಿಂದ ಕೈ ತೆಗೆದು, “ಹಾಗಾದ್ರೆ ನನ್ನ ಮಾತ್ರೆಗೆ ಏನ್ ಮಾಡ್ತೀಯಪ್ಪಾ? ಒಂದೆರಡು ಕಮ್ಮಿ ಮಾಡ್ಕೊಳ್ಳೋದಾ?” ಎಂದು ಕೇಳಿದರು. ಹೆದರಿಕೆಯಿಂದ ಕೇಳಿದ ಮಾತಲ್ಲ, ನನ್ನ ಹೊರೆ ಇಳಿಸಲು ಆಡಿದ ಮಾತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅದೇ ತಿಂಗಳು ಹಿರಿಯ ನಾಗರಿಕರ ಉಳಿತಾಯ ಯೋಜನೆಯ ಮಿತಿಯನ್ನು 15 ಲಕ್ಷದಿಂದ 30 ಲಕ್ಷಕ್ಕೆ ಏರಿಸಿದ್ದರು, ಬಡ್ಡಿ ಶೇ. 8.2 ಆಗಿತ್ತು. ನನ್ನ ಗಂಟಿನಿಂದಲೇ 15 ಲಕ್ಷ ತೆಗೆದು ಅಮ್ಮನ ಹೆಸರಿನಲ್ಲಿ ಅಂಚೆ ಕಚೇರಿಯಲ್ಲಿ ಹಾಕಿದೆ. ಮೂರು ತಿಂಗಳಿಗೊಮ್ಮೆ 30,750 ರೂಪಾಯಿ ಅವರ ಖಾತೆಗೆ ಬರುತ್ತದೆ, ಎಂದರೆ ತಿಂಗಳಿಗೆ 10,250. ಔಷಧಿಗೂ ನೋಡಿಕೊಳ್ಳುವವರ ಸಂಬಳಕ್ಕೂ ಸಾಕು. ತಾಯಿಗೆ ಕೊಟ್ಟ ಹಣಕ್ಕೆ ಇಬ್ಬರಿಗೂ ತೆರಿಗೆಯಿಲ್ಲ, ಬಡ್ಡಿಯೂ ಅವರ ಆದಾಯವೇ ಹೊರತು ನನ್ನದಲ್ಲ. ಆದರೆ ಹೆಸರು ಬದಲಾದ ಮೇಲೆ ಆ ಹಣ ಕಾನೂನಿನಲ್ಲಿ ಅಮ್ಮನದೇ. ಅದಕ್ಕಾಗಿ ಮೊದಲು ತಂಗಿಯನ್ನು ಮನೆಗೆ ಕರೆದು, ಹಣ ಎಲ್ಲಿಂದ ಬಂತು, ಏಕೆ ಹಾಕುತ್ತಿದ್ದೇನೆ ಎಂದು ಎಲ್ಲರೆದುರು ಹೇಳಿ, ಆಮೇಲೆಯೇ ಅರ್ಜಿಗೆ ಅಮ್ಮನ ಸಹಿ ಹಾಕಿಸಿದೆ. ಒಡಹುಟ್ಟಿದವರ ನಡುವೆ ಮನಸ್ತಾಪ ಹುಟ್ಟುವುದು ಹಣದಿಂದಲ್ಲ, ಹೇಳದೆ ಮಾಡಿದ ಹಣದ ಕೆಲಸದಿಂದ. ಏಪ್ರಿಲ್, ಜುಲೈ, ಅಕ್ಟೋಬರ್, ಜನವರಿ ಬಂತೆಂದರೆ ಅಮ್ಮ ಪಾಸ್‌ಬುಕ್ಕನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟುಕೊಂಡು ಸಿದ್ಧರಾಗಿ ಕೂತಿರುತ್ತಾರೆ. ಮಾತ್ರೆ ಕಡಿಮೆ ಮಾಡುವ ಮಾತು ಮತ್ತೆ ಬಂದಿಲ್ಲ.

ಆರೋಗ್ಯ ವಿಮೆಯ ವಿಷಯದಲ್ಲಿ ಒಂದು ಎಚ್ಚರಿಕೆ. ಕಂಪನಿ ಕೊಟ್ಟ ವಿಮೆ ಕೆಲಸ ಬಿಟ್ಟ ದಿನವೇ ಮುಗಿಯುತ್ತದೆ. ಮೊದಲೇ ಇರುವ ಕಾಯಿಲೆಗಳಿಗೆ ಹೊಸ ವಿಮೆಯಲ್ಲಿ ಕಾಯುವ ಅವಧಿಯಿದೆ. ಈಗ ಅದು ಗರಿಷ್ಠ 3 ವರ್ಷ, ನಾನು ಕೊಂಡಾಗ 4 ವರ್ಷವಿತ್ತು. ನನಗೆ ರಕ್ತದೊತ್ತಡ ಇದ್ದುದರಿಂದ 2019ರಲ್ಲೇ, ಕಂಪನಿಯ ವಿಮೆ ಇದ್ದಾಗಲೇ, ನಾಲ್ವರಿಗೂ ಸ್ವಂತ ವಿಮೆ ಮಾಡಿಸಿದೆ. ಅಮ್ಮನಿಗೆ ಆ ವಯಸ್ಸಿನಲ್ಲಿ ಕೈಗೆಟಕುವ ವಿಮೆ ಸಿಗಲಿಲ್ಲ. ಮೇಲೆ ಹೇಳಿದ 6 ಲಕ್ಷದ ಠೇವಣಿ ಅದರ ಬದಲಿಗೆ. ನಾನು ತೀರಿಕೊಂಡರೆ ಮಾತ್ರ ಮನೆಯವರಿಗೆ ಹಣ ಬರುವ ನನ್ನ ಟರ್ಮ್ ವಿಮೆಯನ್ನು ಮಗನ ಓದು ಮುಗಿಯುವವರೆಗೆ ನಿಲ್ಲಿಸುವುದಿಲ್ಲ. ಸಂಬಳವಿಲ್ಲದವನಿಗೆ ವಿಮೆ ಏಕೆ ಎಂದು ಕೇಳುವವರಿಗೆ ನಾನು ಹೇಳುವುದಿಷ್ಟು: ಈ ಲೆಕ್ಕವನ್ನೆಲ್ಲ ದಿನವೂ ನೋಡಿಕೊಳ್ಳುವವನು ಹಠಾತ್ತನೆ ಇಲ್ಲವಾದರೆ ಉಳಿದವರು ತಪ್ಪುಮಾಡಲು, ಚೇತರಿಸಿಕೊಳ್ಳಲು ಸ್ವಲ್ಪ ಹೆಚ್ಚಿನ ಹಣ ಇರಬೇಕು. ಇದೇ ಕಾರಣಕ್ಕೆ ವರ್ಷದಲ್ಲಿ ಮೂರು ತಿಂಗಳು ಎಲ್ಲ ಖಾತೆಗಳನ್ನೂ ನನ್ನ ಹೆಂಡತಿಯೇ ನಡೆಸುತ್ತಾಳೆ, ನಾನು ಕೈ ಹಾಕುವುದಿಲ್ಲ.

ಇಷ್ಟೆಲ್ಲ ಲೆಕ್ಕ ಹಾಕಿದ ಮೇಲೂ ಈ ವರ್ಷ ನನ್ನ ಅಂದಾಜು ತಪ್ಪಿತು. ಮಗ ಹತ್ತನೆಯ ತರಗತಿ ಮುಗಿಸಿ ಪಿಯುಸಿಗೆ ಸೇರುವಾಗ, ತರಬೇತಿಯೂ ಸೇರಿದ ಕಾಲೇಜಿನ ಶುಲ್ಕ ಜೂನ್‌ನ ಠೇವಣಿಗಿಂತ 1 ಲಕ್ಷ 20 ಸಾವಿರ ಹೆಚ್ಚಾಯಿತು. ಇಂಡೆಕ್ಸ್ ಫಂಡಿನಿಂದ ತೆಗೆಯಬಹುದಿತ್ತು. ಆದರೆ ನಾನು ಬೇರೊಂದು ಲೆಕ್ಕವನ್ನು ನೆನಪಿಟ್ಟುಕೊಂಡಿದ್ದೇನೆ: ತಿಂಗಳಿಗೆ 20,000ದ ಒಂದು ಸಣ್ಣ ದುಡಿಮೆ ವರ್ಷಕ್ಕೆ 2 ಲಕ್ಷ 40 ಸಾವಿರ ತರುತ್ತದೆ, ಶೇ. 3ರ ಲೆಕ್ಕದಲ್ಲಿ ಅಷ್ಟನ್ನು ತರಲು 80 ಲಕ್ಷದ ಇಡುಗಂಟು ಬೇಕು. ಹಾಗಾಗಿ, ಪೂರ್ತಿ ಗಂಟು ಸೇರುವವರೆಗೆ ದಣಿದ ದೇಹವನ್ನು ಎಳೆದುಕೊಂಡು ಹೋಗುತ್ತೇನೆ ಎನ್ನುವ ಸ್ನೇಹಿತರಿಗೆ, ಕೆಲಸವನ್ನು ಪೂರ್ತಿ ಬಿಡುವ ಬದಲು ಹಗುರ ಮಾಡಿಕೊಳ್ಳುವ ದಾರಿಯನ್ನೂ ನೋಡಿ ಎನ್ನುತ್ತೇನೆ. ಮುಂದಿನ ತಿಂಗಳಿನಿಂದ ಆರು ತಿಂಗಳು, ವಾರಕ್ಕೆ ಮೂರು ದಿನ ಬೆಳಿಗ್ಗೆ, ಇಲ್ಲಿನ ಒಂದು ಕಾಲೇಜಿನಲ್ಲಿ ಪ್ರೋಗ್ರಾಮಿಂಗ್ ಪಾಠ ಹೇಳಲು ಒಪ್ಪಿಕೊಂಡಿದ್ದೇನೆ. ಬರುವ ಹಣ ಮಗನ ಸಾಲಿಗೆ ಜಮೆಯಾಗುತ್ತದೆ. ಲೆಕ್ಕದ ಪುಸ್ತಕದಲ್ಲಿ 2031 ಎಂದು ಬರೆದಿದ್ದ ಕಡೆ ಹೆಂಡತಿ ಪೆನ್ಸಿಲ್‌ನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿಟ್ಟಿದ್ದಾಳೆ.