ಓಪಿಡಿಗೆ ಬರುವಾಗ ಹಳೆಯ ಟ್ಯೂಬುಗಳನ್ನೂ ತನ್ನಿ

ಜಿಲ್ಲಾ ಆಸ್ಪತ್ರೆಯೊಂದರ ಚರ್ಮರೋಗ ವಿಭಾಗದಲ್ಲಿ ಶುಶ್ರೂಷಾಧಿಕಾರಿಯಾಗಿರುವ ನನಗೆ, ಬಹುಕಾಲದ ಇಸುಬಿನಿಂದ (ಎಕ್ಸಿಮಾ) ನರಳುವ ಮಕ್ಕಳ ತಂದೆತಾಯಿಯರ ಜೊತೆ ಮಾತನಾಡುವುದೇ ದಿನದ ಬಹುಪಾಲು ಕೆಲಸ. ಜನಜಂಗುಳಿಯ ಓಪಿಡಿಯಲ್ಲಿ ವೈದ್ಯರಿಗೆ ಒಂದು ಮಗುವಿನ ಬಳಿ ಸಿಗುವ ಸಮಯ ಕಡಿಮೆ. ಆ ಸಮಯದಲ್ಲಿ ಸರಿಯಾದ ಸಲಹೆ ಸಿಗಬೇಕಾದರೆ ಮನೆಯಲ್ಲಿ ನಡೆದದ್ದೆಲ್ಲವೂ ವೈದ್ಯರಿಗೆ ತಿಳಿಯಬೇಕು. ಆದ್ದರಿಂದ ಸರದಿಯಲ್ಲಿ ಕುಳಿತವರನ್ನು ನಾನು ಮೊದಲು ಕೇಳುವುದು, ಇದುವರೆಗೆ ಮಗುವಿಗೆ ಏನೇನು ಹಚ್ಚಿದ್ದೀರಿ ಎಂದು.

“ಏನೂ ಇಲ್ಲ ಸಿಸ್ಟರ್, ಬರೀ ಕೊಬ್ಬರಿ ಎಣ್ಣೆ” ಎಂದು ಒಬ್ಬ ತಾಯಿ ಹೇಳುತ್ತಿದ್ದಂತೆಯೇ, ಪಕ್ಕದಲ್ಲಿದ್ದ ಅಜ್ಜಿ ತಮ್ಮ ಎಲೆಯಡಿಕೆ ಸಂಚಿಯಿಂದ ಬುಡದಿಂದ ಸುರುಳಿ ಸುತ್ತಿ ಹಿಂಡಿದ್ದ ಟ್ಯೂಬೊಂದನ್ನು ತೆಗೆದು ನನ್ನ ಕೈಗಿಟ್ಟರು. ಅಕ್ಷರಗಳು ಅರ್ಧ ಅಳಿಸಿದ್ದರೂ ಕ್ಲೋಬೆಟಸಾಲ್ ಎಂಬುದನ್ನು ಓದಬಹುದಿತ್ತು. ಅದು ಉರಿಯೂತ, ತುರಿಕೆ ತಗ್ಗಿಸಲು ಚರ್ಮಕ್ಕೆ ಹಚ್ಚುವ ಸ್ಟೀರಾಯ್ಡ್‌ಗಳಲ್ಲೇ ಅತ್ಯಂತ ಪ್ರಬಲವಾದ ಗುಂಪಿಗೆ ಸೇರಿದ್ದು. ಆ ಟ್ಯೂಬಿನಲ್ಲಿ ಅದರ ಜೊತೆಗೆ ಹುಳಕಡ್ಡಿಯ ಔಷಧವೂ ಬೆರೆತಿತ್ತು. ಅದನ್ನು ಹಚ್ಚಿ ಹಚ್ಚಿ ಮಗುವಿನ ಮೊಣಕೈ ಮಡಿಕೆಯ ಚರ್ಮ ತೆಳುವಾಗಿ, ಒಳಗಿನ ಸಣ್ಣ ರಕ್ತನಾಳಗಳು ಕಾಣುವಂತಾಗಿತ್ತು. ಹಚ್ಚಿದಾಗ ಇಸುಬು ಕಡಿಮೆಯಾಗಿ, ಬಿಟ್ಟೊಡನೆ ಕೆರಳುತ್ತಿದ್ದುದು ಏಕೆಂಬುದು ಆ ಟ್ಯೂಬನ್ನು ನೋಡಿದ ಮೇಲೆ ವೈದ್ಯರಿಗೆ ಸ್ಪಷ್ಟವಾಯಿತು. 2018ರಲ್ಲಿ ಕೇಂದ್ರ ಸರ್ಕಾರ ಇಂತಹ 14 ಸ್ಟೀರಾಯ್ಡ್‌ಗಳನ್ನು ಷೆಡ್ಯೂಲ್ ಎಚ್‌ಗೆ ಸೇರಿಸಿ, ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ನಿಯಮ ಮಾಡಿದೆ. ಆದರೂ ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತಂದ ಟ್ಯೂಬುಗಳು ನಮ್ಮ ಮೇಜಿನ ಮೇಲೆ ಇಂದಿಗೂ ಕಾಣಿಸುತ್ತವೆ ಎಂಬುದು ನಿಜಕ್ಕೂ ನೋವಿನ ಸಂಗತಿ.

ಹಾಗೆಂದು ಸ್ಟೀರಾಯ್ಡ್ ಎಂಬ ಹೆಸರು ಕೇಳಿದೊಡನೆ ಹೆದರಿ, ವೈದ್ಯರು ಬರೆದುಕೊಟ್ಟ ಸೌಮ್ಯ ಮುಲಾಮನ್ನೂ ಹಚ್ಚದೆ ಮಗುವನ್ನು ರಾತ್ರಿಯಿಡೀ ಕೆರೆದುಕೊಳ್ಳಲು ಬಿಡುವುದೂ ಸರಿಯಲ್ಲ. ಯಾವ ಬಲದ್ದು, ಯಾವ ಜಾಗಕ್ಕೆ, ಎಷ್ಟು ದಿನ ಎಂಬುದನ್ನು ವೈದ್ಯರಿಂದ ಕೇಳಿಕೊಂಡೇ ಹೊರಡಬೇಕು. ಪ್ರಮಾಣವನ್ನು ಮಾತ್ರ ನಾನು ಬಾಯಲ್ಲಿ ಹೇಳದೆ ಮಾಡಿ ತೋರಿಸುತ್ತೇನೆ. ದೊಡ್ಡವರ ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿದ ಮುಲಾಮು ಸುಮಾರು ಅರ್ಧ ಗ್ರಾಂ ತೂಗುತ್ತದೆ. ಬೆರಳುಗಳೂ ಸೇರಿದಂತೆ ದೊಡ್ಡವರ ಎರಡು ಅಂಗೈಯಷ್ಟು ಚರ್ಮಕ್ಕೆ ಅದು ಸಾಕು. ಚರ್ಮದ ತೇವ ಕಾಯುವ ಕ್ರೀಮಿಗೆ ಇಂತಹ ಜಿಪುಣತನ ಬೇಡ. ಉಗುರುಬೆಚ್ಚಗಿನ ನೀರಿನಲ್ಲಿ ಸ್ನಾನ ಮಾಡಿಸಿ, ಮೈಯನ್ನು ಉಜ್ಜದೆ ಬಟ್ಟೆಯಿಂದ ಒತ್ತಿ, ಪಸೆ ಆರುವ ಮುನ್ನವೇ ಮೈಗೆಲ್ಲ ಧಾರಾಳವಾಗಿ ಹಚ್ಚಬೇಕು. ಇಸುಬು ಶಾಂತವಾಗಿರುವ ದಿನಗಳಲ್ಲೂ ಇದನ್ನು ಬಿಡಬಾರದು, ಏಕೆಂದರೆ ಈ ಮಕ್ಕಳ ಚರ್ಮಕ್ಕೆ ತೇವವನ್ನು ಹಿಡಿದಿಟ್ಟುಕೊಳ್ಳುವ ಶಕ್ತಿಯೇ ಕಡಿಮೆ.

ನಂಜೆಂದು ಮೊಟ್ಟೆ, ಮೀನು, ಬದನೆಕಾಯಿ, ಕಡಲೆಕಾಯಿಗಳನ್ನೆಲ್ಲ ಒಟ್ಟಿಗೆ ಬಿಡಿಸಿದ ಮನೆಗಳನ್ನೂ ನೋಡುತ್ತೇನೆ. ವೈದ್ಯರನ್ನು ಕೇಳದೆ ಹೀಗೆ ಪಥ್ಯ ಮಾಡಿಸಿದರೆ ಬೆಳೆಯುವ ಮಗು ಸೊರಗುತ್ತದೆ. ಮನೆಯಲ್ಲಿ ಬೇರೆಯವರಿಗೂ ತುರಿಕೆಯಿದ್ದು ಅದು ರಾತ್ರಿ ಹೆಚ್ಚುತ್ತಿದ್ದರೆ, ಬೆರಳ ಸಂದುಗಳಲ್ಲಿ ಗುಳ್ಳೆಗಳಿದ್ದರೆ, ಅದನ್ನು ತಪ್ಪದೆ ಹೇಳಬೇಕು. ಅದು ಕಜ್ಜಿಯಾಗಿದ್ದರೆ ಚಿಕಿತ್ಸೆಯೇ ಬೇರೆ, ಮನೆಮಂದಿಯೆಲ್ಲ ಒಂದೇ ಸಮಯಕ್ಕೆ ಔಷಧ ಹಚ್ಚಿಕೊಳ್ಳಬೇಕಾಗುತ್ತದೆ. ಕುಟುಂಬದಲ್ಲಿ ಯಾರಿಗಾದರೂ ಆಸ್ತಮಾ ಇದ್ದರೆ ಅದನ್ನೂ ತಿಳಿಸಬೇಕು. ಆಸ್ಪತ್ರೆಗೆ ಬಂದ ದಿನ ಚರ್ಮ ತಿಳಿಯಾಗಿರಬಹುದಾದ್ದರಿಂದ, ಕೆರಳಿದ ದಿನವೇ ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು.

ಗಾಯದಿಂದ ಕೀವು ಒಸರಿ ಹಳದಿ ಹೆಕ್ಕಳೆ ಕಟ್ಟಿದರೆ, ಅಥವಾ ಜ್ವರದೊಂದಿಗೆ ನೋವಿನ ನೀರ್ಗುಳ್ಳೆಗಳು ಬೇಗಬೇಗನೆ ಹರಡತೊಡಗಿದರೆ, ಮುಂದಿನ ತಪಾಸಣೆಯ ದಿನಕ್ಕಾಗಿ ಕಾಯದೆ ಮಗುವನ್ನು ಅದೇ ದಿನ ಕರೆತರಬೇಕು. ಅಂದು ಚರ್ಮರೋಗ ವಿಭಾಗ ಮುಚ್ಚಿದ್ದರೆ ತುರ್ತು ಚಿಕಿತ್ಸಾ ವಿಭಾಗದಲ್ಲೇ ತೋರಿಸಿ.